ಡೆಟ್ರಾಯಿಟ್ಟಿನ ಶಾಪ

ಅಮೆರಿಕಾದ ಡೆಟ್ರಾಯಿಟ್ ನಗರದ ಕಾಲ್ಚೆಂಡಿನ ಅಭಿಮಾನಿಗಳು ಎರಡು ಪಕ್ಷಗಳಾಗಿ ಒಡೆದು ವರ್ಷಗಳೇ ಸಂದಿವೆ. ಹನ್ನೆರಡು ವರ್ಷಕಾಲ ಅಲ್ಲಿನ ಲಯನ್ಸ್ ತಂಡದ ಸಾರಥ್ಯ ವಹಿಸಿ ೨೦೨೧ರಲ್ಲಿ ಬೇರೊಂದು ತಂಡವನ್ನು ಸೇರಿದ ಮ್ಯಾಥ್ಯೂ ಸ್ಟಾಫರ್ಡನು ಮಹಾವೀರನೇ, ಅಲ್ಲವೇ ಎಂಬುದು ವಿವಾದದ ಒಂದು ಮುಖ. ತಂಡಕ್ಕೆ ತಗುಲಿತೆಂದು ಹೇಳಲಾಗುವ ಶಾಪವು ನಿಜವೋ ಸುಳ್ಳೋ ಎಂಬುದು ಇನ್ನೊಂದು ಮುಖ. ಮೋಟಾರುಗಳನ್ನು ಲಕ್ಷಗಟ್ಟಲೆ ತಯಾರಿಸಿ ಯಂತ್ರಯುಗದ ರಾಜಧಾನಿಯೆನಿಸಿಕೊಂಡ ಊರಿನಲ್ಲಿ ಶಾಪದ ಮಾತೇ ಎಂದು ವಾಚಕರು ನಗಬಹುದು. ನಾವು ನಗಲಾರೆವು. ಆ ಮಾತಿನ ನೆರಳಿನಲ್ಲಿ ಯಾರು ತಣ್ಣಗೆ ಕುಳಿತಿದ್ದರೆಂಬುದನ್ನು ವಿಚಾರಿಸುವುದು ನಮ್ಮ ಉದ್ದೇಶ.

ಹೆಸರು ಕಾಲ್ಚೆಂಡಾದರೂ ಅಮೆರಿಕಾದವರ ಈ ಆಟದಲ್ಲಿ ಚೆಂಡು ಬಹುಮಟ್ಟಿಗೆ ಕೈಯಲ್ಲೇ ಸಾಗುತ್ತದೆ. ಹನ್ನೊಂದು ಮಂದಿಯಲ್ಲಿ ಚೆಂಡನ್ನು ಮೊದಲು ಪಡೆದು, ಎಸೆಯಬೇಕೋ ಇನ್ನೊಬ್ಬನಿಗೆ ಒಪ್ಪಿಸಬೇಕೋ ಎಂದು ಕ್ಷಣಾರ್ಧದಲ್ಲಿ ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ಗೆದ್ದರೆ ಹಾರವು ಅವನ ಕೊರಳಿಗೆ. ಸೋತರೆ ಕಲ್ಲೂ ಅವನ ತಲೆಗೇ.

೧೯೫೦ರಲ್ಲಿ ಡೆಟ್ರಾಯಿಟ್ಟಿಗೆ ಬಂದ ಬಾಬಿ ಲೇನ್ ಇಂಥವನಲ್ಲೊಬ್ಬನು. ಆತನ ಮುಂದಾಳುತನದಲ್ಲಿ ತಂಡವು ೧೯೫೨ರಲ್ಲಿಯೂ ೧೯೫೩ರಲ್ಲಿಯೂ ರಾಷ್ಟ್ರದ ಅಗ್ರಪದವಿಯನ್ನು ಗೆದ್ದಿತು. ೧೯೫೭ರ ಡಿಸೆಂಬರಿನಲ್ಲಿ ಆತನ ಕಾಲು ಮುರಿಯಿತು. ಟೋಬಿನ್ ರೋಟ್ ಆ ಸ್ಥಾನದಲ್ಲಿ ನಿಂತು ಕ್ಲೀವ್‌ಲ್ಯಾಂಡ್ ತಂಡವನ್ನು ೫೯–೧೪ರಿಂದ ಬಡಿದು ಮೂರನೆಯ ಬಾರಿ ಪದವಿಯನ್ನು ತಂದುಕೊಟ್ಟನು. ಮರುವರ್ಷದ ಅಕ್ಟೋಬರಿನಲ್ಲಿ ಧಣಿಗಳು ಲೇನನನ್ನು ಪಿಟ್ಸ್‌ಬರ್ಗಿಗೆ ಸಾಗಿಸಿಬಿಟ್ಟರು. ಹೊರಡುವಾಗ ಆತನು, ಇನ್ನು ಐವತ್ತು ವರ್ಷ ಈ ತಂಡ ಗೆಲ್ಲಲಾರದು ಎಂದು ನುಡಿದನಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ; ಅಂದಿನ ಬರಹದ ಆಧಾರವೊಂದೂ ಇದಕ್ಕೆ ದೊರೆತಿಲ್ಲ.

ಆದರೆ ಕಥೆಗೆ ಕಾಲವೇ ಸಾಕ್ಷಿ ನುಡಿಯುವಂತೆ ಕಂಡಿತು. ಮುಂದಿನ ಐವತ್ತು ವರ್ಷಗಳಲ್ಲಿ ಋತುವಿನ ಕೊನೆಯ ನಿರ್ಣಾಯಕ ಸುತ್ತುಗಳಲ್ಲಿ ತಂಡಕ್ಕೆ ದಕ್ಕಿದ ಗೆಲವು ಒಂದೇ ಒಂದು. ಅದು ೧೯೯೨ರ ಜನವರಿಯಲ್ಲಿ, ಡಲ್ಲಾಸ್ ತಂಡದ ಮೇಲೆ. ಐವತ್ತನೆಯ ವರ್ಷವಾದ ೨೦೦೮ರಲ್ಲಿ ಆಡಿದ ಹದಿನಾರು ಪಂದ್ಯಗಳಲ್ಲಿ ಹದಿನಾರನ್ನೂ ಸೋತು, ಅದುವರೆಗೆ ಯಾವ ತಂಡವೂ ಪಡೆಯದ ಅಪಕೀರ್ತಿಯನ್ನು ಪಡೆಯಿತು. ಮರುವರ್ಷ ಆರಿಸಿ ತಂದ ಸ್ಟಾಫರ್ಡನೋ, ಲೇನನು ಓದಿದ ಟೆಕ್ಸಾಸ್ ಪ್ರಾಂತದ ಹೈಲೆಂಡ್ ಪಾರ್ಕ್ ಪ್ರೌಢಶಾಲೆಯಲ್ಲಿಯೇ ಓದಿದವನು! ಪುರಾಣಿಕರಿಗೆ ಇನ್ನೇನು ಬೇಕು?

ಪುರಾಣಿಕರು ಒಂದನ್ನು ಮರೆಯುತ್ತಾರೆ. ಶಾಪಕ್ಕೆ ಅವಧಿಯುಂಟು, ಅವಧಿ ತೀರಿದೊಡನೆ ಕಲ್ಲಾದವಳು ಹೆಣ್ಣಾಗಬೇಕು. ಇಲ್ಲಿ ಅವಧಿ ತೀರಿದ ಮೇಲೂ ನಿರ್ಣಾಯಕ ಸುತ್ತಿನ ಗೆಲವಿಗಾಗಿ ಹದಿನೈದು ವರ್ಷ ಕಾಯಬೇಕಾಯಿತು. ಶಪಿಸಿದವನೆಂಬ ಲೇನನಾದರೂ ಪಿಟ್ಸ್‌ಬರ್ಗಿನಲ್ಲಿ ಒಂದು ಪದವಿಯನ್ನೂ ಗೆಲ್ಲದೆ ೧೯೬೨ರಲ್ಲಿ ನಿವೃತ್ತನಾದನು. ತನಗೆ ತಾನೇ ವರ ಕೊಟ್ಟುಕೊಳ್ಳಲಾರದ ಋಷಿ ಪರರಿಗೆ ಐವತ್ತು ವರ್ಷ ಶಾಪ ಕೊಡುವುದು ಹೇಗೆ?

ಇನ್ನು ಆ ಸಂಘದ ಏರ್ಪಾಡನ್ನು ನೋಡಿರಿ. ಹಿಂದಿನ ವರ್ಷ ಎಲ್ಲರಿಗಿಂತ ಹೀನಾಯವಾಗಿ ಸೋತ ತಂಡಕ್ಕೆ ಹೊಸ ಆಟಗಾರರನ್ನು ಆರಿಸುವಾಗ ಮೊದಲ ಸರದಿ. ೧೯೯೪ರಿಂದ ಈಚೆಗೆ ಸಂಬಳದ ಒಟ್ಟು ಮೊತ್ತಕ್ಕೂ ಮಿತಿ. ಧನಿಕ ತಂಡವು ಹಣದ ಬಲದಿಂದ ಎಲ್ಲರನ್ನೂ ಕೊಳ್ಳಲಾಗದು. ಹೀಗೆ ಬಿದ್ದವನನ್ನು ಕೈಹಿಡಿದೆತ್ತುವ ನಿಯಮಗಳ ನಡುವೆ ಅರ್ಧ ಶತಮಾನ ಬಿದ್ದೇ ಇರುವುದು ದೈವದ ಕೆಲಸವಲ್ಲ, ಅದಕ್ಕೆ ಸತತವಾದ ಅವಿವೇಕ ಬೇಕು. ಮತ್ತೊಂದು ಗುಟ್ಟೂ ಉಂಟು: ರಾಷ್ಟ್ರೀಯ ದೂರದರ್ಶನ ಪ್ರಸಾರದ ಹಣವು ಗೆದ್ದವನಿಗೂ ಸೋತವನಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಸೋಲಿನಿಂದ ಧಣಿಯ ಬೊಕ್ಕಸ ಬರಿದಾಗದು. ಬರಿದಾಗುವುದು ಚೀಟಿ ಕೊಂಡು ಬಂದು ಕೂತವನ ಕಿಸೆ.

ಮೋಟಾರು ಮನೆತನದ ವಿಲಿಯಂ ಕ್ಲೇ ಫೋರ್ಡರು ೧೯೬೩ರಲ್ಲಿ ಕೊಂಡ ಈ ತಂಡವು ೨೦೧೪ರಲ್ಲಿ ಅವರು ತೀರಿಕೊಳ್ಳುವವರೆಗೂ ಅವರ ಸ್ವತ್ತಾಗಿದ್ದಿತು. ಆಡಳಿತದ ಅನುಭವವಿಲ್ಲದ ಮ್ಯಾಟ್ ಮಿಲ್ಲೆನ್ನರಿಗೆ ೨೦೦೧ರಲ್ಲಿ ಸರ್ವಾಧಿಕಾರ ಒಪ್ಪಿಸಿದವರು ಅವರೇ. ಆ ಅಧಿಕಾರದಲ್ಲಿ ಗೆಲವು ೩೧, ಸೋಲು ೮೪. ೨೦೦೫ರ ಡಿಸೆಂಬರಿನಲ್ಲಿ ಅಭಿಮಾನಿಗಳು ಎದುರಾಳಿಗಳ ಕಿತ್ತಳೆ ಬಣ್ಣವನ್ನುಟ್ಟು ಕ್ರೀಡಾಂಗಣದೆದುರು ಮೆರವಣಿಗೆ ಹೊರಟರು. ಪೀಠವು ೨೦೦೮ರ ಸೆಪ್ಟೆಂಬರಿನವರೆಗೂ ಅಲುಗಲಿಲ್ಲ. ಬ್ಯಾರಿ ಸ್ಯಾಂಡರ್ಸ್ ೧೯೯೯ರಲ್ಲಿ, ಕ್ಯಾಲ್ವಿನ್ ಜಾನ್ಸನ್ ೨೦೧೬ರಲ್ಲಿ, ಇನ್ನೂ ಶಕ್ತಿಯಿರುವಾಗಲೇ ಆಟಕ್ಕೆ ನಮಸ್ಕಾರ ಹಾಕಿದರು. ಸಂಸ್ಥೆಯು ಇಬ್ಬರಿಂದಲೂ ಮುಂಗಡದ ಹಣದಲ್ಲಿ ಒಂದು ಪಾಲನ್ನು ವಸೂಲು ಮಾಡಿತು! ಇಂಥವರಿಗೆ ಲೇನನ ಶಾಪಕ್ಕಿಂತ ದೊಡ್ಡ ವರವು ಬೇರೆ ಯಾವುದಿದ್ದೀತು? ಕುಣಿಯಲಾರದವಳಿಗೆ ನೆಲ ಡೊಂಕಾಗಿದ್ದರೆ ಸಾಕು.

ಸ್ಟಾಫರ್ಡನ ವಿಷಯದಲ್ಲಿ ಆತನ ವಿರೋಧಿಗಳ ಮಾತನ್ನೂ ಕೇಳಬೇಕು. ಡೆಟ್ರಾಯಿಟ್ಟಿನಲ್ಲಿ ನಿರ್ಣಾಯಕ ಸುತ್ತಿನ ಮೂರು ಪಂದ್ಯಗಳನ್ನಾಡಿ ಮೂರನ್ನೂ ಸೋತನು. ಬಿಡುಗಡೆಯನ್ನು ತಾನೇ ಕೋರಿದನು. ಇದು ದಿಟ. ೨೦೦೯ರ ನವೆಂಬರಿನಲ್ಲಿ ಹೆಗಲಿನ ಕೀಲು ಕಳಚಿದ್ದರೂ ಮೈದಾನಕ್ಕೆ ಮರಳಿ, ಸಮಯ ಮುಗಿದ ಕೊನೆಯ ಎಸೆತದಿಂದ ಕ್ಲೀವ್‌ಲ್ಯಾಂಡಿನ ಮೇಲೆ ೩೮–೩೭ರ ಗೆಲವನ್ನು ತಂದನೆಂಬುದೂ ದಿಟವೇ. ಲಾಸ್ ಏಂಜಲಿಸ್ಸಿಗೆ ಹೋದ ಮೊದಲನೆಯ ವರ್ಷದಲ್ಲಿಯೇ, ೨೦೨೨ರ ಫೆಬ್ರವರಿಯಲ್ಲಿ, ಆತನು ಸೂಪರ್ ಬೌಲ್ ಗೆದ್ದನು. ಮನುಷ್ಯನು ಅವನೇ, ತೋಳೂ ಅದೇ. ಬದಲಾದದ್ದು ಸುತ್ತಲಿನ ಸಹಾಯ, ಮೇಲಿನ ಆಡಳಿತ. ಶಲ್ಯನಂಥ ಸಾರಥಿಯನ್ನು ಕೊಟ್ಟು ಕರ್ಣನು ಸೋತನೆಂದು ಹಳಿಯುವುದು ಯಾವ ನ್ಯಾಯ? ೨೦೨೪ರ ಜನವರಿ ೧೪ರಂದು ಎದುರಾಳಿಯಾಗಿ ಹಳೆಯ ಊರಿಗೆ ಬಂದಾಗ ಜನರು ಆತನನ್ನು ಕೂಗಿ ಮೂದಲಿಸಿದರು. ಅಂದು ಲಯನ್ಸ್ ೨೪–೨೩ರಿಂದ ಗೆದ್ದರು. ಮೂವತ್ತೆರಡು ವರ್ಷಗಳ ಹಸಿವಿನ ಕೂಗೆಂದು ಅದನ್ನು ಕ್ಷಮಿಸಬಹುದು, ಒಪ್ಪಲಾಗದು. ಅಂದು ಗೆಲ್ಲಿಸಿದ ಜೆರೆಡ್ ಗಾಫ್ ಬಂದದ್ದು ಸ್ಟಾಫರ್ಡನ ವಿನಿಮಯದಿಂದಲೇ. ಎರಡು ಪ್ರಥಮ ಸರದಿಯ ಆಯ್ಕೆಗಳೂ ಆಗಲೇ ದೊರೆತು, ಹೊಸ ತಂಡಕ್ಕೆ ಬುನಾದಿಯಾದುವು.

೨೦೨೧ರಲ್ಲಿ ಬ್ರ್ಯಾಡ್ ಹೋಮ್ಸ್ ಮತ್ತು ಡ್ಯಾನ್ ಕ್ಯಾಂಪ್‌ಬೆಲ್ಲರು ಬಂದ ಮೇಲೆ ಯಾವ ಶಾಂತಿಹೋಮವೂ ನಡೆಯಲಿಲ್ಲ. ಆಯ್ಕೆಗಳು ವಿವೇಕದಿಂದ ನಡೆದುವು, ಅಷ್ಟೆ. ೨೦೨೪ರ ಋತುವಿನಲ್ಲಿ ೧೫ ಗೆಲವು, ೨ ಸೋಲು. ಆಮೇಲೆ ವಾಷಿಂಗ್ಟನ್ನಿನೆದುರು ೩೧–೪೫ರಿಂದ ಮುಗ್ಗರಿಸಿದರು. ಹಾಗೇಕಾಯಿತೆಂದು ಕೇಳುವವರು ಸಮಾಧಿಯಲ್ಲಿರುವ ಲೇನನನ್ನು ಎಬ್ಬಿಸಬೇಕಾಗಿಲ್ಲ. ರಕ್ಷಣೆಯ ಸಾಲಿನ ಮುಖ್ಯ ಆಟಗಾರನು ಅಕ್ಟೋಬರಿನಲ್ಲೇ ಕಾಲು ಮುರಿದುಕೊಂಡು ಕುಳಿತಿದ್ದನು, ಮತ್ತು ಆ ದಿನ ಚೆಂಡು ಐದು ಬಾರಿ ಎದುರಾಳಿಗಳ ಕೈಸೇರಿತು.