ಉಪಗ್ರಹದ ಅಂತರ್ಜಾಲವೂ ಹಳ್ಳಿಯ ಗಿರಾಕಿಯೂ

ಉಪಗ್ರಹದ ಮೂಲಕ ಅಂತರ್ಜಾಲವನ್ನೊದಗಿಸಲು ಸ್ಟಾರ್‌ಲಿಂಕ್ ಸಂಸ್ಥೆಗೆ ಭಾರತ ಸರ್ಕಾರದವರು 2025ರ ಜೂನ್ ತಿಂಗಳಲ್ಲಿ ಪರವಾನಗಿಯನ್ನು ದಯಪಾಲಿಸಿದುದು ವಾಚಕರಿಗೆ ತಿಳಿದೇ ಇದೆ. ತಂತಿ ಮುಟ್ಟದ ಮಲೆನಾಡಿನ ಹಳ್ಳಿಗಳಿಗೆ ಇದರಿಂದ ಉಪಕಾರವಾದೀತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಮೆರಿಕದ ಹಳ್ಳಿಗರು ಈ ವಿಷಯದಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಪಟ್ಟ ಪಾಡನ್ನು ನಮ್ಮ ಅಧಿಕಾರಿಗಳು ಮರೆಯತಕ್ಕದ್ದಲ್ಲ.

ಅಲ್ಲಿನ ಹಳೆಯ ಪದ್ಧತಿಯ ಉಪಗ್ರಹಗಳಿರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಕೇಳಿಕೆಯು ಮೇಲೇರಿ ಇಳಿದು, ಉತ್ತರವೂ ಹಾಗೆಯೇ ಬರುವಷ್ಟರಲ್ಲಿ ಸುಮಾರು ಅರ್ಧ ಸೆಕೆಂಡು ಕಳೆಯುವುದು. ಇದು ಪ್ರಕೃತಿನಿಯಮ, ಯಾರನ್ನೂ ದೂರುವಂತಿಲ್ಲ. ದೂರಬೇಕಾದುದು ಕರಾರುಪತ್ರವನ್ನು. ತಿಂಗಳಿಗೆ ಗೊತ್ತುಮಾಡಿದ ಪ್ರಮಾಣ ಮುಗಿದೊಡನೆ ವೇಗವನ್ನು ಕುಗ್ಗಿಸುವ ಷರತ್ತು ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತಿತ್ತು. ಅವಧಿಗೆ ಮುಂಚೆ ಬಿಟ್ಟರೆ ದಂಡ ಬೇರೆ. ಅನ್ಯಗತಿಯಿಲ್ಲದ ರೈತನು ರುಜು ಹಾಕುತ್ತಿದ್ದನು.

ಐನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಸುತ್ತುವ ಹೊಸ ಉಪಗ್ರಹಗಳಿಂದ ವಿಳಂಬವೇನೋ ಬಹುಮಟ್ಟಿಗೆ ತಗ್ಗಿದೆ. ವೆಚ್ಚದ ಮಾತು ಹಾಗಲ್ಲ. 2022ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಇದೇ ಸಂಸ್ಥೆಗೆ 88 ಕೋಟಿ ಡಾಲರುಗಳಿಗೂ ಮಿಕ್ಕ ಸಹಾಯಧನವನ್ನು ನಿರಾಕರಿಸಿದಾಗ, ಗಿರಾಕಿಯು 600 ಡಾಲರ್ ತೆತ್ತು ತಟ್ಟೆಯನ್ನು ಕೊಳ್ಳಬೇಕಾಗುವುದನ್ನು ಅದರ ಅಧ್ಯಕ್ಷರು ಎತ್ತಿ ಹೇಳಿದರು.

ವೇಗ, ಮಿತಿ, ತಟ್ಟೆಯ ಬೆಲೆ, ಆಗುಂಬೆಯಂಥ ಮಳೆಯಲ್ಲಿ ಸಂಕೇತ ಕುಂದುವ ಸಂಭವ — ಇವೆಲ್ಲವನ್ನೂ ದಪ್ಪಕ್ಷರದ ಕನ್ನಡದಲ್ಲಿ ಅಚ್ಚುಮಾಡಿಸಿ, ರುಜುವಿಗೆ ಮುಂಚೆ ಗಿರಾಕಿಗೆ ಓದಿಹೇಳತಕ್ಕದ್ದೆಂದು ಸರ್ಕಾರದವರು ಕಟ್ಟುಮಾಡಬೇಕು.