ಹಸಿರು ಕೇಳಿದರೆ ಬಿಳಿ ಕೊಟ್ಟ ದೀಪ

ತಿಪಟೂರಿನ ಹತ್ತಿರ ನಮ್ಮ ಚಿಕ್ಕಪ್ಪನ ತೆಂಗಿನ ತೋಟ. ತ್ರೀ ಫೇಸ್ ಕರೆಂಟು ಅಲ್ಲಿ ಎಷ್ಟೋ ಸಲ ಬರುವುದು ರಾತ್ರಿಯೇ. ಪಂಪ್‌ಸೆಟ್ಟಿಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಕೂರಿಸಿದ್ದಾರೆ. ಕರೆಂಟು ಬಂದರೂ, ಮೋಟರ್ ಟ್ರಿಪ್ ಆದರೂ ಮೆಸೇಜ್ ಬರುತ್ತದೆ. ಫೋನು ಸದ್ದು ಮಾಡಿದರೆ ಚಿಕ್ಕಮ್ಮನಿಗೆ ಎಚ್ಚರ. ಆಮೇಲೆ ಬೆಳಗಿನವರೆಗೆ ಅವರಿಗೆ ನಿದ್ದೆಯಿಲ್ಲ, ಚಿಕ್ಕಪ್ಪನಿಗೆ ಬೈಗುಳ ತಪ್ಪಿದ್ದಲ್ಲ. ಬೆಂಗಳೂರಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವ ನಾನು ಅವರಿಗೊಂದು ಸಣ್ಣ ಆ್ಯಪ್ ಮಾಡಿಕೊಟ್ಟೆ. ಸದ್ದಿಲ್ಲ. ಕರೆಂಟು ಬಂದರೆ ಫೋನಿನ ತುದಿಯ ಪುಟ್ಟ ದೀಪ ಹಸಿರಾಗಿ ಮಿನುಗಬೇಕು, ಮೋಟರ್ ನಿಂತರೆ ಕೆಂಪಗೆ. ಚಿಕ್ಕಪ್ಪ ಹೇಗೂ ರಾತ್ರಿ ಎರಡು ಸಲ ಏಳುವವರು. ಕಿಟಕಿಯತ್ತ ಕಣ್ಣು ಹಾಯಿಸಿದರೆ ಸಾಕು.

ಎರಡು ವರ್ಷ ಚೆನ್ನಾಗಿ ನಡೆಯಿತು. 2018ರಲ್ಲಿ ಹಳೇ ಫೋನು ನೀರಿನ ತೊಟ್ಟಿಗೆ ಬಿತ್ತು, ಹೊಸದು ಬಂತು. ವಾರದೊಳಗೆ ದೂರು: ‘ಕರೆಂಟು ಬಂದು ಹೋದ್ರೂ ನಿನ್ನ ದೀಪ ಹತ್ತಲೇ ಇಲ್ಲ ಕಣೋ!’

ಅದೇ ಮಾದರಿಯ ಫೋನು ತಂದು ಕೂತೆ. ಪರೀಕ್ಷೆಗೆ ಫೋನನ್ನು ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸುತ್ತೇವೆ. ದೀಪ ಹಸಿರಾಗಲಿಲ್ಲ. ಕೋಡ್ ತಿದ್ದಿದೆ, ಮತ್ತೆ ತಿದ್ದಿದೆ. ಎಲ್ಲೂ ಎರರ್ ಇಲ್ಲ. ಫೋನು ನನ್ನ ಆಜ್ಞೆಯನ್ನು ವಿಧೇಯ ಅಳಿಯನಂತೆ ಕೇಳಿಸಿಕೊಂಡು ಸುಮ್ಮನಾಗುತ್ತಿತ್ತು. ಬೇಸತ್ತು ಕೇಬಲ್ ಕಿತ್ತು ಚಹಾಕ್ಕೆ ಹೋಗಿ ಬಂದೆ, ನೋಡಿದರೆ ದೀಪ ಮಿನುಗುತ್ತಿದೆ! ಇದ್ದದ್ದೊಂದೇ ಎಲ್‌ಇಡಿ. ಚಾರ್ಜ್ ಆಗುವಾಗ ಅದು ಬ್ಯಾಟರಿಯ ಸೊತ್ತು, ಬೇರೆಯವರಿಗೆ ಪ್ರವೇಶವಿಲ್ಲ. ಕೇಬಲ್ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ಆದ್ದರಿಂದ ಪರೀಕ್ಷೆ ಮಾಡಿದಷ್ಟೂ ಸೋಲು. ಚಿಕ್ಕಪ್ಪನೂ ರಾತ್ರಿಯಿಡೀ ಚಾರ್ಜಿಗೆ ಹಾಕಿಯೇ ಮಲಗುತ್ತಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಮಿನುಗಿದ ದೀಪದ ಬಣ್ಣ ಬಿಳಿ. ಹಸಿರು ಕೇಳಿದರೂ ಬಿಳಿ, ಕೆಂಪು ಕೇಳಿದರೂ ಬಿಳಿ. ಆಂಡ್ರಾಯ್ಡ್‌ನ ಕೈಪಿಡಿಯಲ್ಲಿ ಇದಕ್ಕೆ ನುಣುಪಾದ ಮಾತೊಂದಿದೆ: ಕೇಳಿದ ಬಣ್ಣಕ್ಕೆ ಆದಷ್ಟು ಹತ್ತಿರದ್ದನ್ನು ಯಂತ್ರ ತೋರಿಸುತ್ತದಂತೆ. ಕೆಂಪಿಗೆ ಹತ್ತಿರದ ಬಣ್ಣ ಬಿಳಿ ಎಂದು ಒಪ್ಪಿಕೊಂಡರೆ ಎಲ್ಲವೂ ಸರಿ.

ಬಣ್ಣ ಬೇಡ, ಒಂದಕ್ಕೆ ಬೇಗ ಮಿನುಗಿಸೋಣ, ಇನ್ನೊಂದಕ್ಕೆ ನಿಧಾನ ಎಂದುಕೊಂಡೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ನೋಟಿಫಿಕೇಶನ್‌ಗಳನ್ನು ಚಾನೆಲ್‌ಗಳಾಗಿ ವಿಂಗಡಿಸಬೇಕು. ಚಾನೆಲ್‌ಗೆ ದೀಪದ ಬಣ್ಣ ಹೇಳಬಹುದು, ಮಿನುಗುವ ವೇಗ ಹೇಳುವಂತಿಲ್ಲ. ಒಮ್ಮೆ ಚಾನೆಲ್ ಮಾಡಿದ ಮೇಲೆ ಬಣ್ಣವನ್ನೂ ಆ್ಯಪ್ ಬದಲಿಸುವಂತಿಲ್ಲ; ಅಳಿಸಿ ಅದೇ ಗುರುತಿನಲ್ಲಿ ಮತ್ತೆ ಮಾಡಿದರೂ ಹಳೆಯದೇ ಎದ್ದು ಬರುತ್ತದೆ. ಫೋನಿನ ಒಡೆಯನ ಆಯ್ಕೆಯನ್ನು ಆ್ಯಪ್‌ಗಳು ಕೆಡಿಸಬಾರದೆಂಬ ಉದ್ದೇಶ, ನನಗೂ ಒಪ್ಪಿಗೆ. ಆದರೆ ಇದನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ನನ್ನ ಭಾನುವಾರ ಮುಗಿದಿತ್ತು.

ಇಂಥ ದೀಪ ಹೊಸತೇನಲ್ಲ. 2010ರ ನೆಕ್ಸಸ್ ಒನ್ ಫೋನಿನ ಟ್ರ್ಯಾಕ್‌ಬಾಲೇ ಮಿನುಗುತ್ತಿತ್ತು. ಬ್ಲ್ಯಾಕ್‌ಬೆರಿಯ ಕೆಂಪು ಮಿನುಗು ಆಫೀಸುಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಪರದೆ ಅಂಚಿನವರೆಗೆ ಹಿಗ್ಗಿತು, ಪುಟ್ಟ ದೀಪಕ್ಕೆ ಜಾಗವಿಲ್ಲದಾಯಿತು. 2022ರಲ್ಲಿ ನಥಿಂಗ್ ಫೋನ್ (1) ಬೆನ್ನ ತುಂಬ ದೀಪ ಹೊತ್ತು ಬಂದಾಗ ಜನ ಅದನ್ನೇ ಹೊಸ ಅದ್ಭುತವೆಂಬಂತೆ ನೋಡಿದರು. ನನಗೆ ನಗು ಬಂತು.

ದೀಪ ಇಡದಿದ್ದರೆ ನನ್ನ ತಕರಾರಿಲ್ಲ. ಇಟ್ಟು ಬಾಯಿ ಮುಚ್ಚಿಕೊಳ್ಳುವುದರ ಮೇಲೆ ನನ್ನ ಸಿಟ್ಟು. ‘ನಿನ್ನಲ್ಲಿ ಕೆಂಪು ಇದೆಯೇ?’ ಎಂದು ಫೋನನ್ನು ಕೇಳಲು ನನ್ನಂಥ ಆ್ಯಪ್ ಬರೆಯುವವನಿಗೆ ಆಗ ದಾರಿಯೇ ಇರಲಿಲ್ಲ. ಇಲ್ಲ ಎಂದಿದ್ದರೆ ಐದು ನಿಮಿಷದಲ್ಲಿ ಬೇರೆ ಉಪಾಯ ಹುಡುಕುತ್ತಿದ್ದೆ. ಕ್ಯಾಮೆರಾದ ಮೆಗಾಪಿಕ್ಸೆಲ್ಲನ್ನು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುವ ಕಂಪನಿಗಳೇ, ದೀಪ ಉಂಟೋ ಇಲ್ಲವೋ, ಎಷ್ಟು ಬಣ್ಣ, ಚಾರ್ಜ್ ಆಗುವಾಗ ಕೆಲಸ ಮಾಡುತ್ತದೋ ಎಂದು ಒಂದು ಸಾಲು ಸೇರಿಸಿ. ಕೋಡ್ ಕೇಳಿದಾಗಲೂ ಅದೇ ಉತ್ತರ ಕೊಡಿ.

ಚಿಕ್ಕಪ್ಪ ಈಗ ಸಂಜೆಯೇ ಚಾರ್ಜ್ ಮುಗಿಸಿ, ಮಲಗುವಾಗ ವೈರು ಕಿತ್ತು ಫೋನನ್ನು ಕಿಟಕಿಯಲ್ಲಿಡುತ್ತಾರೆ. ಬಿಳಿ ಮಿನುಗು ಕಂಡರೆ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ, ಕರೆಂಟು ಬಂತೋ ಮೋಟರ್ ನಿಂತಿತೋ ಎಂದು ಸ್ಟಾರ್ಟರ್ ಪೆಟ್ಟಿಗೆಯ ಮೇಲಿನ ಕೆಂಪು, ಹಳದಿ, ನೀಲಿ ದೀಪಗಳನ್ನೂ ಮೋಟರನ್ನೂ ನೋಡಿ ತಿಳಿದುಕೊಳ್ಳುತ್ತಾರೆ.