‘ಸ್ವಲ್ಪ ಧೂಳು’ ಎಂದರೆ ಎಷ್ಟು?

ಬಿ.ಸಿ. ರೋಡ್‌ನಿಂದ ಅಡ್ಡಹೊಳೆವರೆಗಿನ ಹೆದ್ದಾರಿ ಅಗಲೀಕರಣ 2017ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಶುರುವಾಯಿತು. ಆ ವರ್ಷಗಳಲ್ಲಿ ಕಲ್ಲಡ್ಕ ದಾಟಿ ಹೋದವರಿಗೆ ನೆನಪಿರಬಹುದು: ಮಳೆಗಾಲದಲ್ಲಿ ಕೆಸರು, ಉಳಿದ ತಿಂಗಳುಗಳಲ್ಲಿ ಧೂಳು. ಇಂತಹ ಕಡೆಗಳಲ್ಲಿ ದೂರು ಹೇಳಿದವರಿಗೆ ಸಿಗುವ ಉತ್ತರ ಎಲ್ಲೆಡೆಯೂ ಒಂದೇ. ಅಭಿವೃದ್ಧಿ ಬೇಕಾದರೆ ಸ್ವಲ್ಪ ಧೂಳು ಸಹಿಸಬೇಕು!

ಸ್ವಲ್ಪ ಎಂದರೆ ಎಷ್ಟು? 2009ರ ರಾಷ್ಟ್ರೀಯ ಗಾಳಿ ಮಾನದಂಡದಲ್ಲಿ ಇದಕ್ಕೆ ಉತ್ತರವಿಲ್ಲ. ಶ್ವಾಸಕೋಶಕ್ಕೆ ಇಳಿಯುವ ಸೂಕ್ಷ್ಮ ಕಣಗಳಿಗೆ ಅದು ಮಿತಿ ಹಾಕಿತು. ಪಿಎಂ10 ದಿನಕ್ಕೆ ಸರಾಸರಿ 100 ಮೈಕ್ರೋಗ್ರಾಂ, ಪಿಎಂ2.5 ಆದರೆ 60. ಒಳ್ಳೆಯದೇ. ಆದರೆ ಅದಕ್ಕಿಂತ ದಪ್ಪ ಧೂಳನ್ನೂ ಹಿಡಿಯುತ್ತಿದ್ದ ಹಳೆಯ ಅಳತೆ ಅದೇ ವರ್ಷ ಪಟ್ಟಿಯಿಂದ ಬಿದ್ದುಹೋಯಿತು. ಒಣಹಾಕಿದ ಬಟ್ಟೆಯ ಮೇಲೆ, ಅನ್ನದ ತಟ್ಟೆಯಲ್ಲಿ, ಮಗುವಿನ ತೊಟ್ಟಿಲಲ್ಲಿ ಕೂರುವ ಧೂಳಿಗೆ ‘ಕಿರಿಕಿರಿ’ ಎಂಬ ಹೆಸರು ಮಾತ್ರ ಉಳಿಯಿತು. ಹೆಸರಿಟ್ಟವರು ಎರಡೆರಡು ಸಲ ಬಟ್ಟೆ ಒಗೆಯುವವರಲ್ಲ.

ಇದನ್ನು ಅಳೆಯುವುದು ಬ್ರಹ್ಮವಿದ್ಯೆಯೇನೂ ಅಲ್ಲ. ಒಂದು ಬಾಲ್ದಿಯಂತಹ ಪಾತ್ರೆಯನ್ನು ಎರಡು ಮೀಟರ್ ಎತ್ತರದ ಕಂಬದ ಮೇಲೆ ತಿಂಗಳು ಇಟ್ಟು, ಬಿದ್ದದ್ದನ್ನು ಒಣಗಿಸಿ ತೂಗಿದರಾಯಿತು. ಭಾರತೀಯ ಮಾನಕ ಸಂಸ್ಥೆಯ ಐಎಸ್ 5182ರ ಮೊದಲ ಭಾಗವೇ ಈ ಅಳತೆಯ ಬಗ್ಗೆ. ದಕ್ಷಿಣ ಆಫ್ರಿಕಾ 2013ರಲ್ಲಿ ಇದಕ್ಕೇ ನಿಯಮ ಮಾಡಿತು: ಜನವಸತಿ ಇರುವಲ್ಲಿ ಚದರ ಮೀಟರಿಗೆ ದಿನಕ್ಕೆ 600 ಮಿಲಿಗ್ರಾಂ. ಜರ್ಮನಿಯಲ್ಲಿ 350.

ನಮ್ಮಲ್ಲಿ ಕಲ್ಲುಕೋರೆಯ ಕ್ರಷರ್‌ಗೆ ಒಂದು ಮಿತಿಯುಂಟು. 40 ಮೀಟರ್ ದೂರದಲ್ಲಿ ಗಾಳಿಯಲ್ಲಿ ತೇಲುವ ಧೂಳು 600 ಮೈಕ್ರೋಗ್ರಾಂ ಮೀರಬಾರದು. ಅಳೆಯುವವರು ಬರುವ ದಿನ ನೀರು ಚಿಮುಕಿಸಿದರೆ ಲೆಕ್ಕ ಸರಿಹೋಗುತ್ತದೆ. ಬಾಲ್ದಿಗೆ ಈ ಆಟ ನಡೆಯದು. ಅದು ಮೂವತ್ತು ದಿನವೂ ಅಲ್ಲೇ ಇರುತ್ತದೆ, ರಾತ್ರಿಯೂ.

ಹೊಲದ ಮಣ್ಣೂ ಬೀಳುತ್ತದಲ್ಲ, ಎಂದು ಗುತ್ತಿಗೆದಾರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಾಳಿ ಬರುವ ಕಡೆ ಒಂದು, ಹೋಗುವ ಕಡೆ ಒಂದು ಪಾತ್ರೆ ಇಡಿ, ವ್ಯತ್ಯಾಸವಷ್ಟೇ ನಿಮ್ಮದು. (ಸ್ವಂತ ಮನೆ ಕಟ್ಟುವಾಗ ಎಂ-ಸ್ಯಾಂಡನ್ನು ರಸ್ತೆಯಲ್ಲೇ ಸುರಿಯುವ ನಾವೂ ಈ ಲೆಕ್ಕದಿಂದ ಹೊರಗಿನವರಲ್ಲ.) ಕ್ರಷರ್‌ನಲ್ಲಿ ದುಡಿಯುವವನ ಎದೆಯಲ್ಲಿ ಕೂರುವ ಸಿಲಿಕಾ ಬೇರೆಯೇ ಲೆಕ್ಕ, ಅದನ್ನು ಬಾಲ್ದಿ ಹೇಳದು.

ಅಳೆದರೆ ಸಾಲದು, ಜನರಿಗೆ ಹೇಳಬೇಕು. 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಟ್ಟಡ ಕಾಮಗಾರಿಗಳಿಗೆ ಧೂಳಿನ ನಿಯಮ ತಂದಾಗ, ಕೈಗೊಂಡ ಕ್ರಮಗಳನ್ನು ಸ್ಥಳದಲ್ಲಿ ಎದ್ದು ಕಾಣುವಂತೆ ಹಾಕಬೇಕೆಂದಿತು. ಕ್ರಮಗಳ ಪಟ್ಟಿ ಬರೆಯಲು ಪೇಂಟರ್ ಸಾಕು. ಆ ಫಲಕದಲ್ಲಿ ನಮಗೆ ಬೇಕಾದದ್ದು ಕಳೆದ ತಿಂಗಳು ಬಿದ್ದ ಧೂಳಿನ ತೂಕ. ಅದರ ಪ್ರತಿ ಗ್ರಾಮ ಪಂಚಾಯತಿಗೂ ಹೋಗಲಿ. ಅದನ್ನು ನೋಡದೆ ನೀರು ಚಿಮುಕಿಸಿದ ಬಿಲ್ಲಿಗೆ ಯಾವ ಇಂಜಿನಿಯರೂ ಸಹಿ ಹಾಕಬಾರದು.